ಬಲಗಡೆಗೆ ಬಂದ ಜೇಬು

ನನ್ನ ಸೊಸೆಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಷ್ಟೇ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಜಾಹೀರಾತು ಕಂಪನಿಯ ಕೆಲಸ ಬಿಟ್ಟು ನಮ್ಮ ನಡುಮನೆಯಲ್ಲೇ ಸ್ವಂತ ಕೆಲಸ ಶುರುಮಾಡಿದಳು. ಸೋಫಾ ಅಡುಗೆಮನೆ ಬಾಗಿಲಿಗೆ ಅಡ್ಡ ಬಂತು, ಗೋಡೆಗೆ ಬಿಳಿ ಬಣ್ಣ ಬಿತ್ತು, ಛತ್ರಿ ಕಟ್ಟಿದ ದೊಡ್ಡ ದೀಪಗಳು ಕಾಲು ಚಾಚಿ ನಿಂತವು. ನೀರು ಕುಡಿಯಬೇಕೆಂದರೂ ವೈರು ದಾಟಬೇಕು. ನಾನು ಗೊಣಗಿದೆ. ಅವಳು ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟಳು.

ಅಂದಿನಿಂದ ನಾನೂ ಆ ಕೆಲಸಕ್ಕೆ ಸೇರಿದವಳೇ. ಜಾಹೀರಾತಿನ ಹುಡುಗನಿಗೆ ಅಂಗಿ ಎರಕ ಹೊಯ್ದ ಹಾಗೆ ಕೂತಿರುತ್ತದಲ್ಲ, ಅದನ್ನು ನಂಬಬೇಡಿ. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಸಾಲಾಗಿ ಕಚ್ಚಿಕೊಂಡಿರುತ್ತವೆ. ಅವನ್ನು ಹಾಕುವವಳು ನಾನು.

ಮೊದಲ ಗಿರಾಕಿ ಒಂದು ಚಿಕ್ಕ ಅಂಗಿ ಕಾರ್ಖಾನೆಯ ಯಜಮಾನರು. ಅವರಿಗೆ ಒಂದು ಪೋಸ್ಟರ್ ಬೇಕಿತ್ತು, ಬೋರ್ಡಿಗೆ ಹಾಕಲು ಒಂದು ಲೋಗೋ ಬೇಕಿತ್ತು. ಇದು ಮೆಚ್ಚಿಗೆಯಾದರೆ ಮುಂದಿನ ಕೆಲಸವೆಲ್ಲ ಇವಳಿಗೇ. ಇಲ್ಲದಿದ್ದರೆ ಹಳೇ ಕಂಪನಿಯ ಬಾಗಿಲನ್ನೇ ಮತ್ತೆ ತಟ್ಟಬೇಕು.

ಫೋಟೋದಲ್ಲಿ ಹುಡುಗ ಅಕ್ಷರಗಳಿಗೆ ಬೆನ್ನು ಹಾಕಿ ಎತ್ತಲೋ ನೋಡುತ್ತಿದ್ದ. ಸೊಸೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದಳು. ಹುಡುಗ ಅಕ್ಷರಗಳ ಕಡೆಗೇ ನೋಡಿದ. ಆ ಫೋಟೋ ಮುಂದಿಟ್ಟುಕೊಂಡೇ ಲೋಗೋ ಬರೆದಳು: ಅಂಗಿಯ ಎರಡು ಅಂಚು ಒಂದರ ಮೇಲೊಂದು, ನಡುವೆ ಒಂದು ಗುಂಡಿ. ಯಜಮಾನರು ಹಿರಿಹಿರಿ ಹಿಗ್ಗಿ, ಪೋಸ್ಟರ್ ಅಚ್ಚಾಗುವ ಮೊದಲೇ ಬೋರ್ಡು ಬರೆಸಿ ಗೇಟಿಗೆ ಏರಿಸಿಬಿಟ್ಟರು.

ಅಚ್ಚಿಗೆ ಕಳಿಸುವ ಮುನ್ನ ಸೊಸೆ ಪೋಸ್ಟರಿನ ಆಳೆತ್ತರದ ಒಂದು ಪ್ರತಿ ತೆಗೆಸಿ ಗೋಡೆಗೆ ಅಂಟಿಸಿದಳು. ನನ್ನ ಮಗ ಅದೇ ಅಂಗಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತ. ನಾನು ನಕ್ಕೆ. ಅವಳು ನಗಲಿಲ್ಲ. ಮಗನ ಜೇಬು ಎಡ ಎದೆಯ ಮೇಲಿತ್ತು, ಪೋಸ್ಟರಿನ ಹುಡುಗನದು ಬಲಕ್ಕೆ!

"ಅಯ್ಯೋ, ಲೋಗೋ!" ಅಂದಳು. ಗಂಡಸರ ಅಂಗಿಯಲ್ಲಿ ತೊಟ್ಟವನ ಎಡಗಡೆಯ ಅಂಚು ಮೇಲೆ ಬರಬೇಕು. ತಿರುಗಿಸಿದ ಫೋಟೋ ನೋಡಿ ಇವಳು ಬರೆದದ್ದರಲ್ಲಿ ಬಲಗಡೆಯದು ಮೇಲಿತ್ತು.

"ಯಾರು ನೋಡ್ತಾರೆ ಬಿಡೇ. ಅವರೇ ಒಪ್ಕೊಂಡಿದ್ದಾರಲ್ಲ" ಅಂದ ಮಗ.

ನಾನೂ ಒಗ್ಗರಣೆ ಹಾಕಿದೆ. "ಪೋಸ್ಟರ್ ಸರಿಮಾಡು ಸಾಕು. ಬೋರ್ಡಿನ ವಿಷ್ಯ ಎತ್ತಬೇಡ. ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೋತೀಯ?"

"ಅಂಗಿ ಹೊಲಿಯೋರ ಬಾಗಿಲಲ್ಲಿ ಅಂಗಿನೇ ತಪ್ಪು ಬರೆದಿದೀನಿ, ಅತ್ತೆ. ಮುಚ್ಚಿಟ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ." ಚಪ್ಪಲಿ ಮೆಟ್ಟಿಯೇಬಿಟ್ಟಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ಹೊಗಳಿಸಿಕೊಳ್ಳಲು ಬಂದಿದ್ದಾಳೆಂದುಕೊಂಡು ಯಜಮಾನರು ಮುಖವೆಲ್ಲ ಹಲ್ಲಾಗಿ ಗೇಟಿಗೆ ಬಂದರು. ಇವಳು ಬೋರ್ಡಿನ ಕೆಳಗೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಬೋರ್ಡು ನೋಡಿದರು, ಬಗ್ಗಿ ತಮ್ಮ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ಹಲ್ಲು ಒಳಗೆ ಹೋಯಿತು.

"ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ಯಾವತ್ತೋ ಒಂದಿನ ಯಾರಾದ್ರೂ ನಿಮ್ಮನ್ನ ನೋಡಿ ನಗೋರು ಸಾರ್. ತಪ್ಪು ನಂದು. ನಾನೇ ಸರಿಮಾಡ್ಕೊಡ್ತೀನಿ."

ಒಳಗಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತರಿಸಿ, ಕಬ್ಬಿಣದ ಗೇಟಿನ ಮೇಲೇ ಬರೆದಳು. ಎಡ ಅಂಚು ಮೇಲೆ, ಬಲ ಅಂಚು ಕೆಳಗೆ, ಗುಂಡಿ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಯಜಮಾನರು ಅದನ್ನು ತಮ್ಮ ಅಂಗಿಯ ಜೊತೆ ಹೋಲಿಸಿ ನೋಡಿದರು. ಆಮೇಲೆ ಏಣಿ ತರಲು ಕೂಗಿ, ಬೋರ್ಡು ಇಳಿಸಿದರು.

"ಮುಂದಿನ ಕೆಲಸನೂ ನೀವೇ ಮಾಡಿ. ತಪ್ಪಾದ್ರೆ ನೀವಾಗೇ ಬಂದು ಹೇಳ್ತೀರಲ್ಲ, ನಂಗೆ ಅಷ್ಟು ಸಾಕು" ಅಂದರು.

ಮುಚ್ಚಿಡು ಎಂದು ಅವಳ ಗಂಡನೂ ಹೇಳಿದ್ದ, ನಾನೂ ಹೇಳಿದ್ದೆ. ಅವಳು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಸೊಸೆ ಮಾತು ಮೀರಿದ್ದಕ್ಕೆ ಬೀದಿಯುದ್ದಕ್ಕೂ ತಲೆಯೆತ್ತಿ ನಡೆದು ಬಂದ ಅತ್ತೆ ನಾನೊಬ್ಬಳೇ ಇರಬೇಕು.