ನಿದ್ದೆಯಲ್ಲಿ ನೇಯ್ದ ಅಂಚು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮುದ್ದಯ್ಯನ ರೇಷ್ಮೆ ಸೀರೆಯ ಅಂಚಿಗೆ ಸಾಟಿಯಿಲ್ಲ ಎಂದು ಹೊಗಳುತ್ತಿದ್ದವರೇ, ಅವನು ಅಫೀಮು ತಿಂದು ಹಾಳಾದ ಎಂದೂ ಆಡಿಕೊಳ್ಳುತ್ತಿದ್ದರು. ಮುದ್ದಯ್ಯನ ಮಟ್ಟಿಗೆ ಎರಡೂ ಒಂದೇ ಮಾತು.

ಸೊಂಟನೋವಿಗೆಂದು ಯಾರೋ ಕೊಟ್ಟ ಮೆಣಸುಕಾಳಿನಷ್ಟು ಅಫೀಮು ಒಂಬತ್ತು ವರ್ಷದಲ್ಲಿ ಕಡಲೆಯಷ್ಟಾಗಿತ್ತು. ಮಧ್ಯಾಹ್ನ ಅದನ್ನು ನುಂಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆ, ಮೊದಲು ಲಾಳಿಯ ಸದ್ದು ದೂರವಾಗುತ್ತಿತ್ತು. ಆಮೇಲೆ ಕೆಂಪು ಎಳೆಗಳೆಲ್ಲ ನೀರಾಗಿ ಹರಿದು, ಜರಿಯ ಹಂಸಗಳು ಅದರ ಮೇಲೆ ಸಾಲಾಗಿ ತೇಲಿ ಬರುತ್ತಿದ್ದವು. ಅವನು ಅವಕ್ಕೆ ಬರೀ ದಾರಿ ಬಿಡುತ್ತಿದ್ದ. ಗೋಡೆಗೊರಗಿದವನು ಇಳಿಹೊತ್ತಿಗೆ ಕಣ್ಣು ಬಿಟ್ಟರೆ ಮಗ್ಗದಲ್ಲಿ ಗೇಣುದ್ದ ಅಂಚು ಮುಗಿದಿರುತ್ತಿತ್ತು, ಒಂದು ಎಳೆಯೂ ತಪ್ಪದೆ. ತಾನು ಯಾವಾಗ ನೇಯ್ದೆ ಎಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಅಫೀಮೇ ನನ್ನ ಕೈಯಲ್ಲಿ ಕೂತು ನೇಯುತ್ತದೆ ಎಂದು ಪುಣ್ಯಾತ್ಮ ನಂಬಿಬಿಟ್ಟ. ಹೆಂಡತಿ ಮಹಾಲಕ್ಷ್ಮಮ್ಮ ನೂಲು ಸುತ್ತಿ ಲಾಳಿಗೆ ತುಂಬಿಕೊಡುತ್ತಿದ್ದಳು. ಹೆಂಗಸರು ಗುಂಡಿಗೆ ಇಳಿದು ನೇಯುವ ಪದ್ಧತಿ ಆ ಬೀದಿಯಲ್ಲಿರಲಿಲ್ಲ.

1966ರ ಸುಮಾರಿಗೆ, ಅನ್ನ ಸೇರದೆ ಅವನ ಮೈ ಕಡ್ಡಿಯಾದಾಗ, ಅವಳೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಷಡಕ್ಷರಿ ಹಟದ ಮನುಷ್ಯ. ಅಫೀಮು ಬಿಡಿಸುವುದಕ್ಕೆ ಸರ್ಕಾರ ಯಾಕೆ ಖರ್ಚು ಮಾಡಬೇಕು ಎಂದು ಮೇಲಿನವರು ಎರಡು ಸಲ ಕಾಗದ ಹಿಂದಕ್ಕೆ ಕಳಿಸಿದರೂ ಬಿಡದೆ, ಒಂದು ಸಲಕ್ಕೆ ಒಬ್ಬ ರೋಗಿಯಂತೆ ನಲವತ್ತು ದಿನದ ಹಾಸಿಗೆ, ಹಾಲು, ಔಷಧಿ ಮಂಜೂರು ಮಾಡಿಸಿಕೊಂಡಿದ್ದರು.

"ನೋಡಿ ಮುದ್ದಯ್ಯನೋರೆ, ನಡುವೆ ಎದ್ದು ಹೋದ್ರೆ ಮಂಜೂರಾತಿ ಅಲ್ಲಿಗೇ ರದ್ದು. ಮತ್ತೆ ಕೇಳೋಕೆ ನಂಗೆ ಮುಖ ಇರಲ್ಲ. ಅಫೀಮು ಬಿಡೋಕೆ ಮಧುವನಹಳ್ಳಿ ಪುಟ್ಟಮಾದಪ್ಪನೂ ನಿಮ್ಮ ಹಿಂದೆ ಕಾಯ್ತಾ ಇದ್ದಾನೆ."

"ಆಯ್ತು ಸಾ," ಎಂದ ಮುದ್ದಯ್ಯ.

ಮೊದಲ ಹತ್ತು ದಿನ ಮೈ ಮುರಿಯಿತು, ವಾಂತಿಯಾಯಿತು, ಹಾಸಿಗೆಯೆಲ್ಲ ಬೆವರಾಯಿತು. ಅದನ್ನೆಲ್ಲ ತಡೆದುಕೊಂಡ. ತಡೆಯಲಾಗದ್ದು ಹದಿನಾಲ್ಕನೆಯ ದಿನ ಬಂತು. ಕಿಟಕಿಯ ಬಿಸಿಲು ಕೆಂಪು ಹೊದಿಕೆಯ ಮೇಲೆ ಬಿದ್ದಿತ್ತು. ಹಂಸಗಳು ಬರಲೆಂದು ಅವನು ತುಂಬ ಹೊತ್ತು ನೋಡುತ್ತ ಮಲಗಿದ. ಹೊದಿಕೆ ಹೊದಿಕೆಯಾಗಿಯೇ ಉಳಿಯಿತು. ಅದರ ತುದಿಯ ಎಳೆಗಳನ್ನು ಕಿತ್ತು ಬೆರಳ ನಡುವೆ ಹಿಡಿದು ನೇಯಲು ನೋಡಿದ. ಬರೀ ಸಿಕ್ಕಾಯಿತು. ಸಾವಿಗೂ ಹೆದರದವನು ಆಗ ಹೆದರಿದ.

ಹೆಂಡತಿ ಗಂಜಿ ತಂದಾಗ ಅವನು ಚಪ್ಪಲಿ ಮೆಟ್ಟಿ ನಿಂತಿದ್ದ.

"ನಾ ಓಯ್ತೀನಿ ಕಣೇ. ಮೈ ಉಳುದ್ರೇನು ಬಂತು, ಅಂಚೇ ಓಯ್ತಲ್ಲ!"

"ಇನ್ನೂ ಇಪ್ಪತ್ತಾರು ದಿನ ಅದೆ. ಕೂತ್ಕಳಿ."

"ಆ ಅಂಚು ನೇಯ್ತಿದ್ದುದು ನಾನಲ್ಲ, ಅಫೀಮು. ನಿಂಗೆ ಅರ್ತ ಆಗಕಿಲ್ಲ ಬುಡು."

ಮಹಾಲಕ್ಷ್ಮಮ್ಮ ಗಂಜಿಯ ಪಾತ್ರೆ ಕೆಳಗಿಟ್ಟಳು. ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗುತ್ತಾನೆ.

"ಅಫೀಮಲ್ಲ, ನಾನು," ಎಂದಳು. "ನೀವ್ ನೇಯ್ದಿದ್ದೆಲ್ಲಾ ಎಳೆ ತಪ್ಪಿರದು. ನೀವ್ ನಿದ್ದೆ ಓದ್ಮೇಲೆ ಬಾಗ್ಲಾಕ್ಕಂಡು, ಅದ್ನೆಲ್ಲಾ ಬಿಚ್ಚಿ, ನಾನೇ ಗುಂಡಿಗಿಳಿದು ನೇಯ್ತಿದ್ದೆ. ಮಗ್ಗದ ಸದ್ದು ಕೇಳ್ದೋರು ನೀವೇ ಅನ್ಕಂಡ್ರು. ನಿಮ್ಗೆ ಅವಮಾನ ಆಯ್ತದೆ ಅಂತ ಬಾಯ್ಬುಡ್ನಿಲ್ಲ."

ಮುದ್ದಯ್ಯನಿಗೆ ಮೊದಲು ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. ಆಮೇಲೆ ಅವಳ ಕೈ ಕಾಣಿಸಿತು. ತೋರುಬೆರಳ ತುಂಬ ಜರಿ ಕೊಯ್ದ ಗೀರುಗಳು. ದಿನವೂ ಅವನಿಗೆ ಅನ್ನ ಬಡಿಸಿದ ಕೈ ಅದು. ಅವನಿಗೆ ನಾಚಿಕೆಯಾಯಿತು.

"ಅಂಗಾರೆ ನಂಗೆ ಏನೂ ಬರಕಿಲ್ವಾ?"

"ಮದುವೆ ಆದ ವರ್ಸ ಚೆಂದಾಗ್ ನೇಯ್ತಿದ್ರಿ. ನಾ ಕಲ್ತಿದ್ದೇ ಅದ ನೋಡ್ಕಂಡು."

ಅವನು ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಕೂತು ಗಂಜಿ ಕುಡಿದ.

ನಲವತ್ತೊಂದನೆಯ ದಿನ ಮನೆಗೆ ಬಂದವನು ಬೀದಿಯ ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟ. ಬೇಡ ಬೇಡವೆಂದರೂ ಕೇಳದೆ ಹೆಂಡತಿಯನ್ನು ಗುಂಡಿಗೆ ಇಳಿಸಿ, ತಾನು ನೆಲದ ಮೇಲೆ ಕೂತು ನೂಲು ಸುತ್ತತೊಡಗಿದ. ಬೀದಿಗೆ ಬೀದಿಯೇ ಬಾಗಿಲಲ್ಲಿ ಬಂದು ನಿಂತಿತು.

"ಅಂಚು ಇವಳ್ದು ಕಣ್ರಪ್ಪಾ," ಎಂದ ಮುದ್ದಯ್ಯ, ತಲೆ ಎತ್ತಿ.