ಅಧ್ಯಕ್ಷರು, ನಿಂಬೆಹಣ್ಣು ಮತ್ತು ನಮ್ಮ ಕಾಶಿ

ಕಾಶಿಗೆ ಹೋಗಿಬರೋಣ ಅಂತ ಕೂಡಿಟ್ಟಿದ್ದ ದುಡ್ಡನ್ನು ನಮ್ಮ ಯಜಮಾನರು, ರಿಟೈರಾದ ಹುರುಪಿನಲ್ಲಿ, ಶೇರಿಗೆ ಹಾಕಿಬಿಟ್ಟರು. "ಸ್ವಲ್ಪ ತಡ್ಕೊಳೇ, ಸ್ಲೀಪರ್ ಕೋಚಿನ ದುಡ್ಡು ಏಸಿ ಕೋಚಿನದಾಗತ್ತೆ" ಅಂದರು. ಆಯಿತು ಅಂದೆ. ಬಿಸಿಲಲ್ಲಿ ಅಷ್ಟು ದೂರ ರೈಲಲ್ಲಿ ಬೇಯೋದು ಯಾರಿಗೆ ಬೇಕು?

ಆಮೇಲೆ ಗೊತ್ತಾಯಿತು, ನಮ್ಮ ಯಾತ್ರೆ ಅಮೆರಿಕದ ಅಧ್ಯಕ್ಷರ ಬಾಯಲ್ಲಿದೆ ಅಂತ. ಆ ಪುಣ್ಯಾತ್ಮ ಹೊರಗಿನ ಸಾಮಾನಿಗೆ ಸುಂಕ ಹಾಕ್ತೀನಿ ಅಂದರೆ ಇಟ್ಟಮಡುವಿನ ನಮ್ಮ ಮನೇಲಿ ಕಾಫಿ ಆರಿಹೋಗುತ್ತಿತ್ತು. ಈಗ ಬೇಡ, ಆಮೇಲೆ ನೋಡೋಣ ಅಂದರೆ ಇವರು ಎರಡನೇ ಲೋಟ ಕೇಳುತ್ತಿದ್ದರು. ನಾನು ಪೇಪರ್ ಓದೋದೇ ಬಿಟ್ಟೆ. ಲೋಟ ನೋಡಿದರೆ ಸಾಕಿತ್ತು.

"ಇವತ್ತಿನ ದುಡ್ಡಲ್ಲಿ ಎಲ್ಲೀವರೆಗೆ ಹೋಗಬಹುದು ರೀ?"

"ಸುಮ್ನಿರೇ."

"ನಾಗಪುರ?"

"ಗುಂತಕಲ್ ಅಂತ ಇಟ್ಕೋ."

ಒಂದು ಶುಕ್ರವಾರ ಲೋಟ ಮುಟ್ಟಲೇ ಇಲ್ಲ. ಅಧ್ಯಕ್ಷರು ರಾತ್ರಿ ಏನೋ ಅಂದಿದ್ದರಂತೆ, ಶೇರು ಪೇಟೆ ಕುಸಿದಿತ್ತು. ಅವತ್ತೇ ನಮ್ಮ ದೊಡ್ಡ ಬ್ಯಾಂಕಿನ ಗವರ್ನರ್ ಬಡ್ಡಿ ದರದ ವಿಷಯ ಹೇಳೋರಿದ್ದರು. "ಅವರು ಬಡ್ಡಿ ಇಳಿಸಲ್ಲ, ಇನ್ನೂ ಬೀಳತ್ತೆ, ಮಾರಿಬಿಡ್ತೀನಿ" ಅಂತ ಇವರು. ಮಾರಿದರೆ ಕಾಶಿ ಅಲ್ಲಿಗೆ ಮುಗೀತು. "ಮೊದಲು ನನ್ನನ್ನ ಬನಶಂಕರಿ ಅಮ್ಮನ ಗುಡಿಗೆ ಕರ್ಕೊಂಡು ಹೋಗಿ" ಅಂದೆ.

ಅಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತೇವೆ. ಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಒಳಹೊರಗೆ ಮಾಡಿದರೆ ಪುಟ್ಟ ಬಟ್ಟಲು. ಅದಕ್ಕೆ ಎಣ್ಣೆ, ಬತ್ತಿ. ಸುಮ್ಮನೆ ಕೂತಿದ್ದಾರಲ್ಲ ಅಂತ ಹಣ್ಣು ಹಿಂಡೋ ಕೆಲಸ ಇವರಿಗೆ ಕೊಟ್ಟೆ. ಹಿಂಡುತ್ತಾ ಹಿಂಡುತ್ತಾ ಇವರಿಗೆ ತಡೆಯಲಾಗಲಿಲ್ಲ. ಅಲ್ಲೇ ಮಾರಿಬಿಡೋಣ ಅಂತ ಫೋನು ತೆಗೆದು ಹೆಬ್ಬೆರಳು ಇಟ್ಟರು. ತೆರೆಯಲಿಲ್ಲ. ಬೆರಳ ತುಂಬಾ ನಿಂಬೆರಸ, ಅದರ ಮೇಲೆ ಎಣ್ಣೆ. ನಂಬರ್ ಒತ್ತೋಣ ಅಂದರೆ ಅದು ಇವರಿಗೆ ಮರೆತೇಹೋಗಿತ್ತು.

ಪಕ್ಕದಲ್ಲಿ ದೀಪ ಜೋಡಿಸುತ್ತಿದ್ದ ಹುಡುಗಿಗೆ ಕನಿಕರ ಬಂತು. "ಅಂಕಲ್, ಆಂಟಿ ಸೆರಗಿಗೆ ಒರೆಸ್ಕೊಳ್ಳಿ."

"ರೇಷ್ಮೆ ಕಣಮ್ಮ!" ಅಂತ ನಾನು ಸೆರಗು ಎಳೆದುಕೊಂಡೆ.

"ನೀನು ಬೇಕಂತಲೇ ಹಿಂಡಿಸಿದೆ" ಅಂತ ಇವರು ಗುರುಗುಟ್ಟಿದರು. ಅಮ್ಮನ ಆಣೆಗೂ ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಇನ್ನೊಂದು ಡಜನ್ ತರುತ್ತಿದ್ದೆ.

ದೀಪ ಹಚ್ಚಿ, ಕೈಮುಗಿದು, ನಲ್ಲಿ ಹುಡುಕಿ ಇವರು ಕೈ ತೊಳೆಯೋ ಹೊತ್ತಿಗೆ ಗವರ್ನರ್ ಬಡ್ಡಿ ಇಳಿಸಿಯಾಗಿತ್ತು. ಪೇಟೆ ಎದ್ದು ಕೂತಿತ್ತು. "ಬಡ್ಡಿ ಇಳಿದ್ರೆ ಕಂಪನಿಗಳಿಗೆ ಸಾಲ ಅಗ್ಗ, ಜನ ಶೇರು ಕೊಳ್ತಾರೆ" ಅಂತ ಪಾಠ ಶುರುವಾಯಿತು.

"ಹಾಗಾದ್ರೆ ನಮ್ಮ ಎಫ್‌ಡಿ ಬಡ್ಡಿ?"

"ಅದೂ ಇಳಿಯತ್ತೆ."

ಮನೆ ನಡೆಯೋದೇ ಆ ಬಡ್ಡಿಯಲ್ಲಿ. ಇರಲಿ, ಅಮ್ಮನಾದರೂ ಎಷ್ಟು ಅಂತ ನೋಡಿಕೊಳ್ಳುತ್ತಾಳೆ. "ಈಗ ಮಾರಿ" ಅಂದೆ.

"ಇನ್ನೂ ಏರತ್ತೆ ಕಣೇ."

"ಸಾಯಂಕಾಲದ ಹೊತ್ತಿಗೆ ಅಧ್ಯಕ್ಷರು ಎದ್ದು ಬಾಯಿ ತೆಗೀತಾರೆ."

ಇವರು ತಟ್ಟನೆ ಫೋನು ಕೈಗೆತ್ತಿಕೊಂಡರು. ಆದರೂ ದೇವರು ದಿಂಡರು ಅಂದರೆ ನಗುವ ಮನುಷ್ಯ ಮೆಲ್ಲಗೆ, "ರಾಹುಕಾಲ ಮುಗೀಲಿ" ಅಂದರು. ಮುಗಿಯಿತು. ಅಲ್ಲೇ ಜಗಲಿ ಮೇಲೆ ಕೂತು ಮಾರಿದರು.

ಹಾಕಿದಷ್ಟೇ ವಾಪಸ್ ಬಂತು. ಸ್ಲೀಪರ್ ಕೋಚಲ್ಲೇ ಹೋದೆವು. ಕಿಟಕಿ ಪಕ್ಕ ಸಿಕ್ಕಿತು, ಅದೇನು ಕಮ್ಮಿ ಭಾಗ್ಯವೇ.

ಕಾಶಿಯಲ್ಲಿ, ಇಷ್ಟವಾದದ್ದು ಏನಾದರೂ ಒಂದನ್ನು ಬಿಟ್ಟು ಬರಬೇಕಲ್ಲ. ಗಂಗೆಯಲ್ಲಿ ಮುಳುಗೆದ್ದು ನಾನು ಮಾವಿನಹಣ್ಣು ಬಿಟ್ಟೆ. ಎದೆ ಚುರುಕ್ ಅಂದಿತು. "ನೀವು ಶೇರು ಬಿಡಿ" ಅಂದೆ. ಇವರು ಕಣ್ಣು ಮುಚ್ಚಿ ಬಹಳ ಭಕ್ತಿಯಿಂದ ಹಾಗಲಕಾಯಿ ಬಿಟ್ಟರು.

ಮದುವೆಯಾದ ಲಾಗಾಯ್ತು ಅದನ್ನು ಇವರ ತಟ್ಟೆಯಲ್ಲಿ ನಾನು ಕಂಡಿಲ್ಲ.