ಸಿದ್ದಗಂಗಮ್ಮ ಆರಿಸಿದ ಪೆಡಲು

ಬಿಳಿಗೆರೆಯ ಸುತ್ತಿನ ತೋಟದ ಮನೆಗಳಲ್ಲಿ ಕೊಬ್ಬರಿ ಒಡೆಯುವ ಕಾಲ ಬಂತೆಂದರೆ ಮೊದಲು ಹೇಳಿಕಳಿಸುವುದು ಸಿದ್ದಗಂಗಮ್ಮನಿಗೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಆಕೆ ಕಿವಿಯ ಬಳಿ ಅಲುಗಿಸಿ, ಒಳಗಿನ ಗಿಟುಕು, ಅಂದರೆ ಇಡಿಯಾಗಿ ಒಣಗಿದ ಕೊಬ್ಬರಿ, ಕರಟ ಬಿಟ್ಟಿದೆ ಎಂದರೆ ಮಾತ್ರ ಕೆಲಸ ಶುರುವಾಗುತ್ತದೆ. ಆಕೆಗೆ ಐವತ್ತಾರು ವರ್ಷ. ಕೈಕೆಳಗೆ ಎಂಟು ಹೆಂಗಸರು ಕರಟ ಬಿಡಿಸುತ್ತಾರೆ. ಯಾರಾದರೂ ಗಿಟುಕಿಗೆ ಮಚ್ಚಿನ ಗಾಯ ಮಾಡಿದರೆ ಸಿದ್ದಗಂಗಮ್ಮ ಬೈಯುವುದಿಲ್ಲ. ಅದನ್ನು ಎತ್ತಿ ತಂದು, ಗಾಯ ಮೇಲಾಗುವಂತೆ, ಒಡೆದವಳ ಮುಂದೆ ಇಟ್ಟು ಹೋಗುತ್ತಾಳೆ. ಅಷ್ಟು ಸಾಕು.

ಹೆಂಗಸರು ಒಂಬತ್ತಕ್ಕೆ ಬಂದರೆ ಆಕೆ ಏಳಕ್ಕೇ ಬಂದಿರುತ್ತಾಳೆ. ರಾಶಿಯ ಯಾವ ಮೂಲೆ ಹದಕ್ಕೆ ಬಂದಿದೆ, ಯಾವುದಕ್ಕೆ ಇನ್ನೊಂದು ತಿಂಗಳು ಬೇಕು ಎಂಬುದನ್ನು ಆ ಎರಡು ಗಂಟೆಯಲ್ಲಿ, ಮಾತಿನ ಗದ್ದಲ ಏಳುವ ಮೊದಲೇ, ಕಿವಿಗೊಟ್ಟು ಗುರುತು ಮಾಡಬೇಕು. ಆಕೆಯನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದು ಒಂದು ಕಪ್ಪು ಲೇಡೀಸ್ ಸೈಕಲ್ಲು. ಇಪ್ಪತ್ತೇಳು ವರ್ಷಗಳ ಹಿಂದೆ, ವರ್ಗವಾಗಿ ಹೊರಟಿದ್ದ ಒಬ್ಬ ನರ್ಸಮ್ಮನಿಂದ ಕೊಂಡದ್ದು. ಬತ್ತಿದ ಕೆರೆಯಂಗಳದಲ್ಲಿ ಗಂಡ ತಿಮ್ಮಯ್ಯ ಹಿಂದಿನಿಂದ ಹಿಡಿದು ಓಡುತ್ತ ಕಲಿಸಿದ್ದ. ಎರಡು ಮಕ್ಕಳ ತಾಯಿ ಸೈಕಲ್ ಕಲಿಯುವ ಚಂದ ನೋಡಲು ಜನ ಏರಿಯ ಮೇಲೆ ಕೂತಿದ್ದರು. ನಾಲ್ಕನೆಯ ಸಂಜೆ ಆಕೆ ಅವರ ಮುಂದೆಯೇ ಒಂದು ದೊಡ್ಡ ಸುತ್ತು ಬಂದು, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದಿದ್ದಳು.

ಬರಿಗಾಲಿನಲ್ಲಿ ತುಳಿಯುವುದು ಆಕೆಯ ರೂಢಿ. ಕೊಬ್ಬರಿ ಇರುವ ಕಡೆ ಚಪ್ಪಲಿ ಮೆಟ್ಟುವುದು ಈ ಸೀಮೆಯಲ್ಲಿ ಸಲ್ಲದು; ದಿನವೆಲ್ಲ ಕಳಚಿಡಬೇಕಾದ್ದನ್ನು ದಾರಿಯೊಂದಕ್ಕೆ ಏಕೆ ಮೆಟ್ಟಿಕೊಳ್ಳಬೇಕೆಂದು ಆಕೆ ಅದನ್ನು ಬಿಟ್ಟೇಬಿಟ್ಟಿದ್ದಳು. ಒಂಬತ್ತು ವರ್ಷಗಳ ಹಿಂದೆ ಕರಟದ ಚೂರೊಂದು ಬಲ ಅಂಗಾಲಿಗೆ ಹೊಕ್ಕಿತ್ತು. ಗಾಯ ಮಾಯ್ದರೂ ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು ಉಳಿಯಿತು. ಈ ವರ್ಷ ಪೆಡಲಿನ ರಬ್ಬರು ಪೂರ್ತಿ ಸವೆದು, ಒಳಗಿನ ಕಬ್ಬಿಣದ ಸರಳು ಆ ಗಂಟಿಗೇ ಒತ್ತತೊಡಗಿತು. ಒಂದು ಮೈಲಿ ತುಳಿಯುವಷ್ಟರಲ್ಲಿ ಇಳಿದು ತಳ್ಳಿಕೊಂಡು ಹೋಗುವ ಸ್ಥಿತಿ ಬಂತು.

ಅದನ್ನು ಕಂಡವನು ತಂಗಿಯ ಮಗ ಮೋಹನ್ ಕುಮಾರ್. ಹೆಂಗಸರನ್ನು ಕೆಲಸದ ಜಾಗಕ್ಕೆ ಬಿಡುವ ಆಟೋ ಅವನದು.

"ಸೋಮವಾರ ಪರಮೇಶಪ್ಪನೋರ ಅಟ್ಟ ಶುರುವಾಯ್ತದೆ ದೊಡ್ಡವ್ವ. ಎಂಟೂವರೆಗೆ ಬತ್ತೀನಿ, ನೀನೂ ಹತ್ಕೊ. ಈ ವಯಸ್ಸಲ್ಲಿ ಯಾಕೆ ಒದ್ದಾಟ?"

"ಒಂಬತ್ತಕ್ಕೆ ಎಲ್ರ ಜೊತೆ ಇಳಿದ್ರೆ ನಾನು ಒಂಬತ್ತನೇವ್ಳು ಕಣಪ್ಪ. ಮೊದಲ್ನೇವ್ಳು ಯಾರು?" ಎಂದಳು ಸಿದ್ದಗಂಗಮ್ಮ. "ಭಾನುವಾರ ಸಂಜೆ ತನಕ ತಡಿ. ಹೇಳ್ತೀನಿ."

ಶುಕ್ರವಾರ ಬೆಳಿಗ್ಗೆ ಆಕೆ ಸೈಕಲ್ಲು ತಳ್ಳಿಕೊಂಡು ಬಸ್ ನಿಲ್ಲುವ ಜಾಗದ ಬಳಿ ಇರುವ ಆಂಜನಪ್ಪನ ಸೈಕಲ್ ಅಂಗಡಿಗೆ ಹೋದಳು. ಅವನು ಮೊದಲು ಕಪ್ಪು ಪ್ಲಾಸ್ಟಿಕ್ಕಿನ ಪೆಡಲಿನ ಜೋಡಿಯೊಂದನ್ನು ಮುಂದಿಟ್ಟ.

"ಇದು ಹಗುರ ಕಣಕ್ಕ. ಈಗೆಲ್ಲಾ ಇದೇ."

"ಇದನ್ನ ನನ್ನ ಸೈಕಲ್ಲಿಗೆ ಹಾಕಿದ್ರೆ ಮುದುಕೀಗೆ ರಿಬ್ಬನ್ ಕಟ್ದಂಗಿರ್ತದೆ. ಬೇರೆ ತೋರ್ಸು."

ಎರಡನೆಯದು ಉಕ್ಕಿನದು; ಅಂಚಿಗೆಲ್ಲ ಹಲ್ಲು. ಬೂಟು ಜಾರುವುದಿಲ್ಲವೆಂದು ಅವನು ಹೊಗಳಿದ. ಆಕೆ ಅಂಗೈಯನ್ನು ಅದರ ಮೇಲೆ ಒಮ್ಮೆ ಎಳೆದು ನೋಡಿದಳು.

"ಮನೇಗೆ ತಗೊಂಡೋಗು. ನಿನ್ನ ಹೆಂಡ್ತೀಗೆ ಕಾಯಿ ತುರಿಯಕ್ಕಾಯ್ತದೆ."

ಮೂರನೆಯದು ರಬ್ಬರಿನದೇ, ಆದರೆ ಅಗಲ ಸಾಲದು. ಸ್ಟೂಲಿನ ಮೇಲೆ ಕೂತು ಪಾದವಿಟ್ಟು ನೋಡಿದರೆ ಕಿರುಬೆರಳ ಕಡೆ ಅರ್ಧ ಹೊರಗೇ ನೇತಾಡುತ್ತಿತ್ತು. ಆಂಜನಪ್ಪ ನಿಟ್ಟುಸಿರಿಟ್ಟು ಏಣಿ ಹತ್ತಿ, ಮೇಲಿನ ಹಲಗೆಯಿಂದ ಹಳೆಯ ಕಾಗದದಲ್ಲಿ ಸುತ್ತಿದ್ದ ಜೋಡಿಯೊಂದನ್ನು ಇಳಿಸಿದ. ಅಗಲವಾದ, ಚಪ್ಪಟೆಯಾದ ಪೆಡಲು. ಎರಡು ದಪ್ಪ ರಬ್ಬರಿನ ಪಟ್ಟಿ, ನಡುವೆ ಒಂದು ಬೆರಳಿನಷ್ಟು ತೆರಪು, ತುದಿಗೆ ಬೆಳ್ಳಗೆ ಮಿನುಗುವ ತಗಡು. ಸಿದ್ದಗಂಗಮ್ಮ ಅದನ್ನು ನೆಲಕ್ಕಿಟ್ಟು, ಮೇಲೆ ಬಲಗಾಲೂರಿ, ಕಣ್ಣು ಮುಚ್ಚಿ ಮೈಭಾರವನ್ನೆಲ್ಲ ನಿಧಾನವಾಗಿ ಬಿಟ್ಟಳು. ಗಂಟು ಸರಿಯಾಗಿ ಆ ತೆರಪಿನ ಮೇಲೆ ಕೂತಿತು. ಯಾವುದೂ ಒತ್ತಲಿಲ್ಲ.

ಅಷ್ಟಕ್ಕೇ ಒಪ್ಪುವವಳಲ್ಲ. ಎರಡನ್ನೂ ಸೈಕಲ್ಲಿಗೆ ಹಾಕಿಸಿ, ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತು ನೋಡಿದಳು. ಕಪ್ಪು ಮೈಯ ಕೆಳಗೆ ಬಿಳಿ ತಗಡಿನ ಅಂಚು, ಕಾಲುಂಗುರ ತೊಟ್ಟಂತೆ ಕಂಡಿತು.

"ಸೀರೆ ಆರ್ಸಕ್ಕೂ ಇಷ್ಟೊತ್ತು ಮಾಡ್ತೀಯಾ ಗಂಗಕ್ಕ?" ಎಂದು ಆಂಜನಪ್ಪ ಕೂಗಿದ.

"ಸೀರೆ ನಾನೇನು ದಿನಾ ನಾಲ್ಕು ಮೈಲಿ ತುಳೀತೀನಾ?"

ಸಿದ್ದಗಂಗಮ್ಮನ ಮನೆಯಲ್ಲಿ ಕೊಬ್ಬರಿ ಎಣ್ಣೆ ಕಾಣದ ವಸ್ತುವಿಲ್ಲ. ತಲೆಗೆ, ಮಚ್ಚಿಗೆ, ಬಾಗಿಲ ಕೀಲಿಗೆ, ಸೈಕಲ್ಲಿನ ತೊಗಲಿನ ಸೀಟಿಗೆ, ಎಲ್ಲಕ್ಕೂ ಅದೇ. ಶನಿವಾರ ಆಕೆ ಹೊಸ ಪೆಡಲಿಗೂ ಬಟ್ಟೆಯಲ್ಲಿ ಅದ್ದಿ ಅದ್ದಿ ಹಚ್ಚಿ, ರಬ್ಬರು ನೇರಳೆ ಹಣ್ಣಿನಂತೆ ಹೊಳೆಯುವವರೆಗೆ ತಿಕ್ಕಿದಳು. ಭಾನುವಾರ ಬೆಳಿಗ್ಗೆ ಪರಮೇಶಪ್ಪನವರ ತೋಟದ ಮನೆಯವರೆಗೆ ಹೋಗಿ ಬಂದು ನೋಡೋಣವೆಂದು ಹೊರಟಳು. ಕೆರೆ ಏರಿಯ ಚಡಾವಿನಲ್ಲಿ ಸೀಟು ಬಿಟ್ಟೆದ್ದು ಬಲ ಹಾಕಿದ್ದೇ ತಡ, ಪಾದ ಸರ್ರನೆ ಜಾರಿತು. ಪೆಡಲು ಗಿರ್ರನೆ ತಿರುಗಿ ಮೊಳಕಾಲಿಗೆ ಹೊಡೆಯಿತು. ಸೈಕಲ್ಲು ಒಂದು ಕಡೆ, ಆಕೆ ಲಂಟಾನದ ಪೊದೆಯ ಕಡೆ.

ಮಂಡಿ ತರಚಿತ್ತು. ಅದಕ್ಕಿಂತ ಹೆಚ್ಚಾಗಿ, ಸಂಜೆ ಮೋಹನ್ ಕುಮಾರನಿಗೆ ಹೇಳಬೇಕಾದ ಮಾತು ಉರಿಯುತ್ತಿತ್ತು. ಕುಂಟುತ್ತ ಮನೆಗೆ ಬಂದವಳನ್ನು ಕಂಡು ತಿಮ್ಮಯ್ಯ ಅರಿಶಿನ ತಂದು ಹಚ್ಚಿದ.

"ಆಟೋದಾಗೆ ಕೂತ್ರೆ ನಿನ್ನ ಕಿರೀಟ ಬಿದ್ದೋಯ್ತದಾ? ಬುಡು ಅತ್ಲಾಗೆ."

ಸಿದ್ದಗಂಗಮ್ಮ ಮಂಡಿಗೆ ಬಟ್ಟೆ ಸುತ್ತಿಕೊಂಡು, ಸೈಕಲ್ಲು ತಳ್ಳುತ್ತ ನೇರ ಆಂಜನಪ್ಪನ ಅಂಗಡಿಗೆ ನಡೆದಳು.

"ನೋಡಕ್ಕೆ ಚಂದ ಅಂತ ಜಾರೋ ಮಾಲು ಕೊಟ್ಟಿದ್ದೀಯ. ಬಿಚ್ಚು ಇದನ್ನ."

ಆಂಜನಪ್ಪ ಬಗ್ಗಿ, ರಬ್ಬರಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಬಳಿ ಹಿಡಿದ.

"ಗಂಗಕ್ಕ, ಇನ್ನೊಂಚೂರು ಸಾಸಿವೆ ಕರಿಬೇವು ಹಾಕಿದ್ರೆ ಊಟಕ್ಕೇ ಬಡಿಸ್ಬೋದಾಗಿತ್ತು."

ಆಕೆ ತಾನೂ ಬಗ್ಗಿ ಪೆಡಲನ್ನು ಮೂಸಿ ನೋಡಿದಳು. "ರಬ್ಬರಿಗೆ ಎಣ್ಣೆ ಆಗಲ್ಲ ಅಂತ ನೀನು ಹೇಳ್ಬೇಕಾಗಿತ್ತು."

"ತಿನ್ಬೇಡ ಅಂತಾನೂ ಹೇಳಿರ್ಲಿಲ್ಲ ಕಣಕ್ಕ."

ಸಿದ್ದಗಂಗಮ್ಮ ನಗಬಾರದೆಂದು ತುಟಿ ಬಿಗಿದಳು, ಆಗಲಿಲ್ಲ. ಅವನು ಸೋಪಿನ ಪುಡಿ ಕಲಸಿ ಬ್ರಷ್ಷು ಹಿಡಿದಾಗ, "ಹಚ್ಚಿದೋಳು ನಾನು, ಕೊಡಿಲ್ಲಿ," ಎಂದು ಕಸಿದುಕೊಂಡಳು. ಮೂರು ಸಲ ತಿಕ್ಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೆರಳು ಎಳೆದರೆ ಕಿರ್ರೆನ್ನುವವರೆಗೆ ಬಿಡಲಿಲ್ಲ. ಹೊಳಪು ಹೋಗಿತ್ತು. ಒಂದು ಬಗೆಯ ಗಂಭೀರವಾದ ಕಪ್ಪು ಬಂದಿತ್ತು. ಅದೇ ಹೆಚ್ಚು ಒಪ್ಪುತ್ತದೆ ಎಂದು ಆಕೆಗೆ ಅನ್ನಿಸಿತು.

ತೋಟದ ಮನೆಗೆ ಸಮತಟ್ಟಾದ ಇನ್ನೊಂದು ದಾರಿಯೂ ಇತ್ತು. ಆಕೆ ಏರಿಯ ದಾರಿಯನ್ನೇ ಹಿಡಿದಳು. ಚಡಾವು ಬಂದಾಗ ಸೀಟು ಬಿಟ್ಟೆದ್ದಳು. ಪಾದ ಕಚ್ಚಿ ನಿಂತಿತು. ಗಂಟು ತನ್ನ ತೆರಪಿನಲ್ಲಿ ಹಾಯಾಗಿತ್ತು. ಏರಿಯ ತುದಿಯಲ್ಲಿ ಗಾಳಿ ಬೀಸಿ, ಎರಡೂ ಬದಿಯ ತೆಂಗಿನ ಗರಿಗಳು ಒಂದೇ ಕಡೆಗೆ ವಾಲಿದವು. ನಾಲ್ಕು ಮೈಲಿಯನ್ನೂ ಆಕೆ ಇಳಿಯದೆ ತುಳಿದಳು, ಬರುವಾಗಲೂ ಇಳಿಯಲಿಲ್ಲ.

ಸಂಜೆ ಮೋಹನ್ ಕುಮಾರ್ ಜಗಲಿಯ ಮೇಲೆ ಕೂತು ಕಾಯುತ್ತಿದ್ದ. ಅವನ ಕಣ್ಣು ಮೊದಲು ಬಿದ್ದದ್ದು ಮಂಡಿಯ ಬಟ್ಟೆಯ ಮೇಲೆ.

"ಏನಾಯ್ತು ದೊಡ್ಡವ್ವ?"

"ಬಿದ್ದೆ."

"ಪೆಡಲಿಂದಲಾ?"

"ನನ್ನಿಂದ." ಸೈಕಲ್ಲನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ನಿನ್ನ ಆಟೋಗೆ ಎಂಟೇ ಜನ ಕಣಪ್ಪ. ನನ್ನ ಜಾಗದಲ್ಲಿ ಬುತ್ತಿ ಚೀಲ ಇಟ್ಕೊಂಡ್ ಬಾ. ಹಾಗೇ ಅವ್ರಿಗೆಲ್ಲಾ ಹೇಳು, ನೀವು ಬರೋ ಹೊತ್ಗೆ ಪೂರ್ವದ ಮೂಲೆ ನೋಡಿ ಮುಗಿಸಿರ್ತೀನಿ, ಬಂದೋರು ಮಾತಾಡ್ಕೊಂಡು ನಿಲ್ಲಂಗಿಲ್ಲ."